ಪದ್ಮಕ್ಕನ ಬೂಟು, ನನ್ನ ಎತ್ತಿನ ಗೆಜ್ಜೆ

೧೯೭೧ರಲ್ಲಿ, ಏಳನೇ ಇಯತ್ತೆಯ ನಡುವೆಯೇ, ನಾನು ಶಾಲೆ ಬಿಟ್ಟೆ. ಬಂಡಿ ಹೊಡೆಯುವುದಕ್ಕೆ ಪರೀಕ್ಷೆ ಬೇಕಿರಲಿಲ್ಲ. ಗಡಹಿಂಗ್ಲಜ ಸುತ್ತಿನಲ್ಲಿ ನನ್ನಷ್ಟು ಹದವಾಗಿ ಎತ್ತು ಹೂಡುವವರು ಇನ್ನೊಬ್ಬರಿರಲಿಲ್ಲ. ಇದನ್ನು ನಾನೇ ಹೇಳಬೇಕು, ಬೇರೆಯವರು ಹೇಳುವುದಿಲ್ಲ. ಹತ್ತು ವರ್ಷದ ಮೇಲೆ ನನ್ನ ಕೈಗೆ ಮತ್ತೆ ನೋಟುಬುಕ್ಕು ಕೊಟ್ಟವರು ಪದ್ಮಕ್ಕ.

ಅವರು ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಇಚಲಕರಂಜಿಯ ಜೈನ ಅರಿವೆ ವ್ಯಾಪಾರಿಯ ಮಗಳು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲಿಗೆ ಕಬ್ಬಿಣದ ಪಟ್ಟಿಯ ಬೂಟು. ಖಟಕ್, ಖಟಕ್. ನಮ್ಮ ಮಾಳದ ಹುಲ್ಲುಬಯಲಿನ ಚಿಗರಿಗಳ, ಅಂದರೆ ಕೃಷ್ಣಮೃಗಗಳ, ಅಭ್ಯಾಸಕ್ಕೆಂದು ಕೊಲ್ಲಾಪುರದ ಕಾಲೇಜಿನಿಂದ ಜೀಪಿನಲ್ಲಿ ನಾಲ್ವರು ಗಂಡಸರ ಜೊತೆ ಬಂದಿದ್ದರು. ಜೀಪಿಗೆ ಹೆದರಿ ಓಡಿದ ಚಿಗರಿಗಳನ್ನು ಅವರ ಸಾಹೇಬರು ಪದ್ಮಕ್ಕನ ಬೂಟಿನ ಸದ್ದಿನ ಲೆಕ್ಕಕ್ಕೆ ಹಚ್ಚಿ, ಅವರಿಗೆ ಹೇಳಿದರು:

"ಎಂಟ ದಿನ ನೋಡತೇನಿ. ಆಮ್ಯಾಲ ನೀವು ಕೊಲ್ಲಾಪುರದಾಗ ಕುಂತು ನಾವು ತಂದ ಲೆಕ್ಕಾ ಕೂಡಸ್ರಿ."

ಪದ್ಮಕ್ಕ ನೆಟ್ಟಗೆ ನನ್ನ ಕೊಟ್ಟಿಗೆಗೆ ಬಂದರು. ಮೊದಲು ಎತ್ತುಗಳ ಮೈ ಸವರಿ, ಆಮೇಲೆ ನನ್ನನ್ನು ಮಾತಾಡಿಸಿದರು.

"ಚಿಗರಿ ಎಣಸಾಕ ಬಂಡಿ ಬೇಕಪಾ."

"ಎಣಸೂದು ಯಾಕ್ರಿ ಅಕ್ಕಾರ? ನಾನ ಹೇಳತೇನಿ, ನೂರ ಅದಾವ."

"ತಲಿ ಎಣಿಸಿದ್ಯೋ, ಕಾಲೋ?"

ಮೊದಲ ದಿನ ಸದ್ದಾಗಬಾರದೆಂದು ಎತ್ತುಗಳ ಗೆಜ್ಜೆಸರ ಬಿಚ್ಚಿಸಿದರು. ನಾನು ಮುಖ ಊದಿಸಿಕೊಂಡೇ ಬಿಚ್ಚಿದೆ. ಚಿಗರಿಗಳು ನಮ್ಮನ್ನು ಕಂಡದ್ದೇ ಗುಡ್ಡ ದಾಟಿದವು. ಪದ್ಮಕ್ಕ ತಮ್ಮ ಬೂಟನ್ನೇ ನೋಡುತ್ತ ಕುಳಿತರು. ಅವರನ್ನು ಹಾಗೆ ನೋಡಲು ನನ್ನಿಂದಾಗಲಿಲ್ಲ.

"ಬೂಟಿಂದಲ್ರಿ ಅಕ್ಕಾರ. ಗೆಜ್ಜಿ ಇಲ್ಲದ ಬಂಡಿ ಅವು ಎಂದೂ ನೋಡಿಲ್ಲ. ಸಪ್ಪಳಿಲ್ಲದಂಗ ಬರಾಂವ ಬ್ಯಾಟಿಗಾರ."

ಮರುದಿನ ಗೆಜ್ಜೆ ಕಟ್ಟಿಕೊಂಡೇ ಹೋದೆವು. ಆ ಝಣಝಣದೊಳಗೆ ಬೂಟಿನ ಸದ್ದು ನನಗೇ ಕೇಳಲಿಲ್ಲ. ಚಿಗರಿಗಳು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದವು. ಇಪ್ಪತ್ತಮೂರು ಇದ್ದವು.

"ಕಾಲು ತೊಂಬತ್ತೆರಡು," ಎಂದರು ಪದ್ಮಕ್ಕ. "ನಿನ್ನ ನೂರಕ್ಕ ಎಂಟ ಕಡಿಮಿ. ಭಾಳೇನ ತಪ್ಪಿಲ್ಲ ಬಿಡು."

ಅವರ ಎರಡೂ ಕೈ ದುರ್ಬೀನಿನ ಮೇಲೆ. ನೋಟುಬುಕ್ಕು ನನ್ನ ತೊಡೆಯ ಮೇಲೆ ಬಿತ್ತು.

"ನಾ ಸಾಲಿ ಬಿಟ್ಟಾಂವ್ರಿ."

"ಸಾಲಿ ಬಿಟ್ಟಿ, ಅಂಕಿ ಬಿಟ್ಟಿಲ್ಲಲ್ಲ? ನೋಡಿದ್ದಷ್ಟ ಬರಿ. ಅನಿಸಿದ್ದು ಮನ್ಯಾಗ ಹೇಳು."

ಸಂಜೆ ಚಿಗರಿಗಳು ಬಯಲಿಗೆ ಬರುವ ಹೊತ್ತಿಗೇ ಅವರ ಊಟದ ಹೊತ್ತು. ಸೂರ್ಯ ಮುಳುಗಿದ ಮೇಲೆ ಒಂದು ತುತ್ತೂ ಮುಟ್ಟುತ್ತಿರಲಿಲ್ಲ. ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಬೆರಳೆತ್ತಿ ಸಂಖ್ಯೆ ತೋರಿಸುವರು. ಎಷ್ಟೋ ಸಲ ಉಪ್ಪಿನಕಾಯಿ ಕೇಳಿದ್ದನ್ನೂ ನಾನು ಚಿಗರಿಯೆಂದು ಬರೆದುಕೊಂಡೆ.

ಎಂಟನೆಯ ದಿನ ಸಾಹೇಬರೇ ಬಂಡಿ ಹತ್ತಿದರು. ಮರಿಯ ಜೊತೆ ಒಂದು ಚಿಗರಿ ಕಲ್ಲೆಸೆತದಷ್ಟು ಹತ್ತಿರ ನಿಂತಿತು. ಜೀಪಿನಿಂದ ಅವರು ಬಾಲವನ್ನಷ್ಟೇ ನೋಡಿದ್ದರು.

"ನಾಳಿಯಿಂದ ಎಲ್ಲಾರೂ ಬಂಡ್ಯಾಗ ಬರೂಣು," ಎಂದರು.

"ಜಾಗಾ ಇಬ್ಬರಿಗಷ್ಟ ಐತಿ ಸರ್," ಎಂದರು ಪದ್ಮಕ್ಕ. "ನೀವು ಕೊಲ್ಲಾಪುರದಾಗ ಕುಂತು ನಾವು ತಂದ ಲೆಕ್ಕಾ ಕೂಡಸ್ರಿ."

ಸಾಹೇಬರೂ ನಕ್ಕರು, ಸ್ವಲ್ಪ ತಡವಾಗಿ.

ಮೂರು ವರ್ಷ ಹಾಗೆ ಎಣಿಸಿದೆವು. ಕೊನೆಗೆ ಪದ್ಮಕ್ಕನಿಗೆ ದೂರದ ಊರಿನಲ್ಲಿ ಕೆಲಸ ಸಿಕ್ಕಿತು; ಬಸ್ಸು ಹತ್ತುವ ಮೊದಲು ಅಚ್ಚಾದ ವರದಿ ತೋರಿಸಿದರು. ಅವರ ಹೆಸರಿನ ಪಕ್ಕದಲ್ಲೇ ನನ್ನದೂ ಇತ್ತು.

"ಇನ್ನ ಯಾರ ಎಣಸ್ತಾರ್ರಿ?" ಎಂದೆ.

ಕೊರಳಿನ ದುರ್ಬೀನು ತೆಗೆದು ನನ್ನ ಕೊರಳಿಗೆ ಹಾಕಿ, ಎತ್ತುಗಳಿಗೆ ಬರತೇನಿ ಎಂದು ಹೇಳಿ ಹೋದರು. ಖಟಕ್, ಖಟಕ್. ಮತ್ತೆ ಬರಲಿಲ್ಲ.

ಈಗ ನನ್ನ ಹತ್ತಿರ ಎತ್ತು ಎರಡು, ಬಂಡಿ ಒಂದು, ಗೆಜ್ಜೆಸರ ಎರಡು, ದುರ್ಬೀನು ಒಂದು, ತುಂಬಿದ ನೋಟುಬುಕ್ಕು ಹನ್ನೊಂದು. ಮಾಳದಲ್ಲಿ ಈ ಬೆಳಿಗ್ಗೆ ಚಿಗರಿ ಏಳು, ಮರಿ ಒಂದು.