ತಟ್ಟಿ ನೋಡಿ ತಂದ ಸೌದೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗೋದಾಮಿನ ಹಿತ್ತಲಲ್ಲಿ ಮುರಿದ ಪ್ಯಾಲೆಟ್‌ಗಳ ರಾಶಿ. ಲಾರಿಯ ಸರಕಿನ ಕೆಳಗಿಡುವ ಈ ಮರದ ಚೌಕಟ್ಟುಗಳು ಮುರಿದ ಮೇಲೆ ಯಾರಿಗೂ ಬೇಡ. ಐವತ್ತೆಂಟರ ಸೌದೆಯಕ್ಕ ಮಂಡಿಯೂರಿ ಕೂತು ಹಾರೆಯ ತುದಿಯಿಂದ ಹಲಗೆ ಎಬ್ಬಿಸುತ್ತಾಳೆ. ಮೊಳೆ ಕಿರುಗುಟ್ಟುತ್ತಾ ಹೊರಬರುತ್ತದೆ. ಹಲಗೆಯನ್ನು ಮೂಸುತ್ತಾಳೆ, ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಾಳೆ, ಆಮೇಲೇ ತಳ್ಳುಗಾಡಿಗೆ ಹಾಕುತ್ತಾಳೆ.

"ಒಣಗಿದ್ದು ಟಣ್ ಅನ್ನುತ್ತೆ, ಹಸೀದು ದೊಪ್ ಅನ್ನುತ್ತೆ. ಬಣ್ಣ, ಡಾಂಬರು ಇದ್ರೆ ಮೂಗೇ ಹೇಳುತ್ತೆ."

"ಹೆಣ್ಣು ನೋಡೋಕೆ ಹೋದೋರೂ ಇಷ್ಟು ಪರೀಕ್ಷೆ ಮಾಡಲ್ಲ," ಎಂದು ಗೋದಾಮಿನ ಕಾವಲುಗಾರ ನಗುತ್ತಾನೆ. ಅವಳು ನಗುವುದಿಲ್ಲ.

ಒಂಬತ್ತಕ್ಕೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಹಾಜರಾಗಬೇಕು. ಅಷ್ಟರೊಳಗೆ ಅದೃಷ್ಟವಿದ್ದರೆ ಆರು ಪ್ಯಾಲೆಟ್, ಎರಡು ಗಾಡಿ ಸೌದೆ. ಒಂದು ಪ್ಯಾಲೆಟ್ ಬಿಚ್ಚಲು ಎಪ್ಪತ್ತು ಚಿಲ್ಲರೆ ಮೊಳೆ ಕೀಳಬೇಕು. ಚಳಿಗಾಲದ ನಾಲ್ಕು ತಿಂಗಳು ಅವಳ ಬೀದಿಯ ಒಂಬತ್ತು ಮನೆಗಳಲ್ಲಿ ಕೋಣೆ ಬೆಚ್ಚಗಿಡುವ ಕಬ್ಬಿಣದ ಒಲೆ ಉರಿಯುವುದು ಇದರಿಂದಲೇ. ಅದರಲ್ಲಿ ಬಾಣಂತಿಯೊಬ್ಬಳ ಮನೆ ಮೂರನೇ ಮಹಡಿಯಲ್ಲಿ. ನಲವತ್ತೆಂಟು ಮೆಟ್ಟಿಲು ಹೊತ್ತು ಹತ್ತಬೇಕು. ಗೋಡೆಗೆ ತಾಗಿಸದೆ, ನಡುವೆ ಗಾಳಿ ಆಡುವಂತೆ ಅಡ್ಡಡ್ಡ ಒಟ್ಟುತ್ತಾಳೆ. ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ.

ಯಾಕೆ ಎಂದು ಕೇಳಿದರೆ ಇನ್ನೊಂದು ಮೊಳೆ ಕಿತ್ತು, ಆಮೇಲೆ ಹೇಳುತ್ತಾಳೆ.

ಮೂರು ಚಳಿಗಾಲದ ಹಿಂದಿನ ಮಾತು. ಗಂಡ ಗಾರೆ ಕೆಲಸದಲ್ಲಿ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದ. ಎಲ್ಲೋ ಹಳೇ ಕಟ್ಟಡ ಕೆಡವುತ್ತಿದ್ದರು. ಹಲಗೆ ಬಿಟ್ಟಿ ಸಿಕ್ಕಿತು. ದಪ್ಪ ಬಣ್ಣ ಬಳಿದವು, ಡಾಂಬರು ಕುಡಿದವು. ಬೆಳಿಗ್ಗೆ ಒಲೆ ತುಂಬಾ ಅದನ್ನೇ ತುರುಕಿ, ಚಳಿ ನುಗ್ಗದಿರಲೆಂದು ಕಿಟಕಿ ಸಂದಿಗೆ ಹಳೇ ಬಟ್ಟೆ ಗಿಡಿದು ಕೆಲಸಕ್ಕೆ ಹೋದಳು. ಆ ಹೊಗೆಯ ಮಸಿಯಿಂದ ಒಲೆಯ ಹೊಗೆ ಕೊಳವೆ ಕಟ್ಟಿಕೊಂಡಿದ್ದು ಅವಳಿಗೆ ಗೊತ್ತಿರಲಿಲ್ಲ. ಹೊಗೆಯೆಲ್ಲ ಕೋಣೆಯಲ್ಲೇ ಉಳಿಯಿತು. ಎದ್ದು ಕಿಟಕಿ ತೆಗೆಯಲು ಅವನಿಂದ ಆಗಲಿಲ್ಲ.

"ಮಧ್ಯಾಹ್ನ ಊಟ ಹಾಕೋಕೆ ಅಂತ ಓಡಿ ಬಂದೆ. ಕೋಣೆ ಬೆಚ್ಚಗಿತ್ತು. ಅವರ ಕೈನೂ ಬೆಚ್ಚಗಿತ್ತು. ಅದಕ್ಕೇ ಮೊದಲು ಗೊತ್ತಾಗ್ಲಿಲ್ಲ."

ಅದೇ ಬೀದಿಯಲ್ಲಿ, ಎರಡು ಬಾಗಿಲಾಚೆ, ಗಂಡನ ತಂಗಿಯ ಮನೆ. ಮಣ್ಣು ಮಾಡಿದ ದಿನ ನಾದಿನಿ ಎಲ್ಲರೆದುರು ಅಂದಳು: "ಚಳಿಗೆ ನನ್ನಣ್ಣ ಸಾಯ್ತಿರ್ಲಿಲ್ಲ. ನಿನ್ನ ಬಿಟ್ಟಿ ಸೌದೆ ಅವನನ್ನ ತಿಂತು." ಅಂದಿನಿಂದ ಮಾತಿಲ್ಲ.

ಮೊದಲ ವರ್ಷ ಸೌದೆಯಕ್ಕ ಅವಳ ಬಾಗಿಲಲ್ಲೂ ಒಟ್ಟಿಟ್ಟಳು. ಮರುದಿನ ಎಲ್ಲ ಚರಂಡಿಯಲ್ಲಿತ್ತು. ಎರಡನೇ ವರ್ಷ ಯಾರೂ ಮುಟ್ಟದೆ ನೆನೆದು ಬೂಸ್ಟು ಹಿಡಿಯಿತು. ಆದರೂ ಇಡುವುದು ಬಿಡಲಿಲ್ಲ.

ಕಳೆದ ವಾರ ಕೆಲಸದಿಂದ ಬರುವಾಗ ನಾದಿನಿಯ ಅಂಗಳದಲ್ಲಿ ಹಳೇ ಬಾಗಿಲ ಚೌಕಟ್ಟಿನ ತುಂಡುಗಳು ಕಂಡವು. ಹಸಿರು ಬಣ್ಣದವು. ಸೌದೆಯಕ್ಕ ಹೇಳದೆ ಕೇಳದೆ ಅವನ್ನು ಗಾಡಿಗೆ ತುಂಬತೊಡಗಿದಳು. ಮಂಡಿ ನೋವಿಂದ ಕುಂಟುತ್ತಾ ನಾದಿನಿ ಬಾಗಿಲಿಗೆ ಬಂದಳು.

"ಇದನ್ನ ಸುಡಬೇಡ," ಅಂದಳು ಸೌದೆಯಕ್ಕ, ತಲೆ ಎತ್ತದೆ.

"ಮತ್ತೇನು ಸುಡ್ಲಿ, ನನ್ನ ಕೈಕಾಲಾ?"

ಮೂರು ವರ್ಷದಲ್ಲಿ ನಾದಿನಿ ಅವಳೊಂದಿಗೆ ಆಡಿದ ಮೊದಲ ಮಾತು ಅದು. ಸೌದೆಯಕ್ಕ ಬಣ್ಣದ ತುಂಡುಗಳನ್ನು ದೂರ ಎಸೆದು ಬಂದು, ತನ್ನ ಮನೆಗೆಂದು ಇಟ್ಟುಕೊಂಡಿದ್ದ ಒಣ ಹಲಗೆ ತಂದು ಆ ಬಾಗಿಲಲ್ಲಿ ಒಟ್ಟಿದಳು. ಒಳಗೆ ಹೋಗಿ, ಕೋಲಿಗೆ ಚಿಂದಿ ಸುತ್ತಿ ಹೊಗೆಯ ಕೊಳವೆಯನ್ನೂ ಕೆರೆದು ಕೊಟ್ಟಳು. ನಾದಿನಿ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.

ಮಾರನೆಯ ಬೆಳಿಗ್ಗೆ ಒಟ್ಟಿದ್ದರಲ್ಲಿ ಮೇಲಿನ ಎರಡು ಸಾಲು ಇರಲಿಲ್ಲ. ಅದಾದ ಮೇಲೂ ನಾದಿನಿ ಮಾತಾಡಿಲ್ಲ. ಎದುರಿಗೆ ಸಿಕ್ಕರೆ ಈಗಲೂ ಮುಖ ತಿರುಗಿಸುತ್ತಾಳೆ.

ಗಾಡಿ ತುಂಬಿದೆ. ಸೌದೆಯಕ್ಕ ಹಗ್ಗ ಬಿಗಿದು, ಸೊಂಟ ಹಿಡಿದು ನಿಧಾನ ಏಳುತ್ತಾಳೆ.

"ಅವಳು ಕ್ಷಮಿಸ್ಲಿ ಅಂತ ನಾನು ಕೇಳಲ್ಲ. ನಾನಾಗಿದ್ರೆ ಕ್ಷಮಿಸ್ತಿದ್ನೋ ಇಲ್ವೋ," ಎನ್ನುತ್ತಾಳೆ. "ದಿನಾ ಬೆಳಿಗ್ಗೆ ಎದ್ದು ಬಾಗಿಲು ತೆಗೀಲಿ. ನನ್ನ ನೋಡಿ ಮುಖ ತಿರುಗಿಸ್ಲಿ. ಅಷ್ಟು ಸಾಕು ನಂಗೆ."