ಮೇಡಂ ಓದಿದ ಚೌಕದ ಅಕ್ಷರ

ಮೊನ್ನೆ ಚನ್ನರಾಯಪಟ್ಟಣದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಯಾರೋ ಹುಡುಗಿಯ ಟೀ ಶರ್ಟಿನ ಮೇಲೆ ಹಳೆಯ ವಿಡಿಯೋ ಗೇಮಿನ ಅಕ್ಷರಗಳು ಕಂಡವು. ಸಣ್ಣ ಸಣ್ಣ ಚೌಕ ಜೋಡಿಸಿ ಕಟ್ಟಿದಂಥ, ದಪ್ಪನೆಯ, ಒಂದಕ್ಕೊಂದು ಒತ್ತಿಕೊಂಡು ನಿಂತ ಅಕ್ಷರಗಳು. ನನಗೆ ಕನ್ನಡ ಕಲಿಸಿದ ಮೇಡಂ ನೆನಪಾದರು…

ಎರಡು ಸಾವಿರದ ಇಸವಿ ಕಳೆದ ಹೊಸತು. ಹೊಳೆನರಸೀಪುರದಲ್ಲಿ ನಾನೂ ಮಲ್ಲಿಪಟ್ಟಣದ ಗೆಳೆಯನೊಬ್ಬನೂ ಸೇರಿ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದೆವು. ಮೇಡಂ ಆಗ ನಿವೃತ್ತರಾಗಿದ್ದರು. ಗ್ಲಾಕೋಮಾ ಬಂದು ಅವರ ನೋಟ ಕಿರಿದಾಗುತ್ತಿತ್ತು. ಕೊಳವೆಯೊಳಗಿಂದ ನೋಡಿದಷ್ಟೇ ಕಾಣುತ್ತದೆ ಎನ್ನುತ್ತಿದ್ದರು. ಶಾಲೆಯ ವಾರ್ಷಿಕೋತ್ಸವದಲ್ಲಿ ಅವರಿಗೆ ಸನ್ಮಾನವಿತ್ತು. ಅವರ ಭಾಷಣವನ್ನು ಬೇರೆಯವರು ಓದಲಿ ಎಂದಿದ್ದರಂತೆ ಶಾಲೆಯವರು.

“ಎದ್ದು ನಿಂತು ಓದಿ ಅಂತ ಇಷ್ಟು ವರ್ಷ ಮಕ್ಕಳಿಗೆ ಹೇಳಿದೋಳು ನಾನು. ನನ್ನ ಮಾತನ್ನ ಇನ್ನೊಬ್ಬರ ಕೈಲಿ ಓದಿಸ್ಲೇನೇ?” ಎಂದರು ಮೇಡಂ, ನಮ್ಮ ಸೆಂಟರಿಗೆ ಬಂದು.

ದೊಡ್ಡಕ್ಷರದಲ್ಲಿ ಮುದ್ರಿಸಿ ಕೊಟ್ಟೆ. ಒಂದು ಪದ ಮುಗಿಯುವ ಮೊದಲೇ ನೋಟದಾಚೆ ಹೋಗುತ್ತಿತ್ತು. ಚಿಕ್ಕದು ಮಾಡಿದರೆ ಮಸುಕು. ಬೇಸತ್ತು ಎದ್ದವರು ಪಕ್ಕದ ಕಂಪ್ಯೂಟರಿನ ಮುಂದೆ ನಿಂತುಬಿಟ್ಟರು. ಗೆಳೆಯ ಗೇಮ್ ಆಡಿ ಸೋತಿದ್ದ. ಆಟ ಮುಗಿಯಿತೆಂದು ಸಾರುವ ಇಂಗ್ಲಿಷ್ ಅಕ್ಷರಗಳು ಕಪ್ಪು ಪರದೆಯ ಮೇಲೆ ಬೆಳ್ಳಗೆ ನಿಂತಿದ್ದವು.

“ಇದು ಪೂರ್ತಿ ಕಾಣ್ತಿದೆ ಕಣೇ,” ಎಂದರು ಮೇಡಂ.

ಅಂಥ ಅಕ್ಷರ ಕನ್ನಡದಲ್ಲಿ ನಮಗೆಲ್ಲೂ ಸಿಗಲಿಲ್ಲ. “ನಾವೇ ಮಾಡಿದ್ರಾಯ್ತದೆ ಬುಡಿ ಮೇಡಮ್ಮೋರೆ,” ಎಂದ ಗೆಳೆಯ.

ಮುಂದಿನ ಕೆಲವು ಮಧ್ಯಾಹ್ನ ಅವನು ಒಂದೊಂದೇ ಚೌಕ ತುಂಬಿದ. ಮೇಡಂ ಪಕ್ಕದಲ್ಲಿ ಕೂತು ತಿದ್ದಿದರು. ಬಿಡಿ ಅಕ್ಷರಗಳೇನೋ ಚೆನ್ನಾಗಿ ಬಂದವು. ಒತ್ತಕ್ಷರ ಮಾತ್ರ ಮಸಿಯ ಮುದ್ದೆಯಾಗುತ್ತಿತ್ತು. ಕೊನೆಗೆ ಮೇಡಂ ಭಾಷಣವನ್ನೇ ತಿದ್ದಿದರು. ವಿದ್ಯಾರ್ಥಿ, ಕೃತಜ್ಞತೆ, ಸಂಸ್ಕೃತಿ… ಒಂದೊಂದಾಗಿ ಹೊರಗೆ ಹೋದವು. ‘ಮಕ್ಕಳೇ’ ಎಂಬುದನ್ನು ಮಾತ್ರ ಬಿಡಲಿಲ್ಲ.

“ಅದಿಲ್ದೆ ನಾನು ಯಾರ ಹತ್ರ ಮಾತಾಡ್ಲಿ? ಇರಲಿ ಅದು.”

ಸಮಾರಂಭದ ದಿನ ಹಾಳೆ ತಿರುವಿಕೊಡಲು ನಾನು ಪಕ್ಕದಲ್ಲಿ ನಿಂತೆ. ‘ಮಕ್ಕಳೇ’ ಎಂದು ಶುರು ಮಾಡಿ ನಿಧಾನವಾಗಿ ಓದುತ್ತ ಹೋದರು. ಗಾಬರಿಯಲ್ಲಿ ನಾನು ಎರಡು ಹಾಳೆ ಒಟ್ಟಿಗೆ ತಿರುವಿದೆ.

“ಮಧ್ಯದ್ದು ನುಂಗಿದ್ಯಲ್ಲೇ,” ಎಂದರು ಮೈಕಿನಲ್ಲೇ. ಶಾಲೆಯೆಲ್ಲ ನಕ್ಕಿತು. ಅವರೂ ನಕ್ಕು, ಬಿಟ್ಟಿದ್ದನ್ನೂ ಸೇರಿಸಿ ಓದಿ ಮುಗಿಸಿದರು. ವೇದಿಕೆ ಇಳಿಯುವಾಗ ನನ್ನ ಕೈ ಹಿಡಿದುಕೊಂಡರು.

ಅವರು ತಾವಾಗಿ ಓದಿದ್ದು ಅದೇ ಕೊನೆ. ವರ್ಷ ತುಂಬುವುದರೊಳಗೆ ಆ ಅಕ್ಷರಗಳೂ ಕಾಣದಾದವು. ಹಾಸನಕ್ಕೆ, ಮಗಳ ಮನೆಗೆ ಹೋದರು. ನಾನು ಬಿಡುವಾದಾಗ ಹೋಗಿ ಪತ್ರಿಕೆ ಓದುತ್ತಿದ್ದೆ. ಒಮ್ಮೆ ‘ಸಹಾಯಧನ’ವನ್ನು ಅವಸರದಲ್ಲಿ ‘ಸಹಾಯದನ’ ಎಂದುಬಿಟ್ಟೆ.

“ಸರ್ಕಾರದೋರು ದನ ಹಂಚ್ತಿದ್ದಾರೇನೇ?” ಎಂದು ಕೇಳಿದರು.

ಮೇಡಂ ತೀರಿಹೋಗಿ ಈಗ ಬಹಳ ವರ್ಷಗಳಾದವು. ನಾನು ಇವತ್ತಿಗೂ ಬೆಳಿಗ್ಗೆ ಒಂದು ಸುದ್ದಿಯನ್ನಾದರೂ ಜೋರಾಗಿ ಓದುತ್ತೇನೆ. ತಪ್ಪಿದ್ದು ನನಗೇ ಗೊತ್ತಾಗುತ್ತದೆ. ಓದು ನಿಲ್ಲಿಸಿ ಸ್ವಲ್ಪ ಹೊತ್ತು ಕಾಯುತ್ತೇನೆ… ಯಾರೂ ತಿದ್ದುವುದಿಲ್ಲ.