ನನ್ನ ಹೊಸ ಬ್ರೇಕು ಮತ್ತು ಅಡ್ಡ ಬಾರದ ಹಸು

ಹಸು ಅಡ್ಡ ಬಂದಿರಲಿಲ್ಲ.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳೋಣ ಎಂದು ಇಟ್ಟುಕೊಂಡರೆ ಹೇಳದೆಯೇ ಮುಗಿಸಿಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಹೆಂಡತಿಗೆ, ಆಸ್ಪತ್ರೆಯ ಡಾಕ್ಟರಿಗೆ, ಚೆಟ್ಟಳ್ಳಿಯ ಹೋಟೆಲಿನಲ್ಲಿ ಕೇಳಿದವರಿಗೆ, ಕೇಳದವರಿಗೆ, ಎಲ್ಲರಿಗೂ ‘ಹಸು ಅಡ್ಡ ಬಂತು, ಬ್ರೇಕ್ ಹಾಕಿದೆ’ ಎಂದೇ ಹೇಳಿಕೊಂಡು ಬಂದಿದ್ದೇನೆ. ಹಸುವಿನ ಬಣ್ಣವನ್ನೂ ಹೇಳಿದ್ದೇನೆ. (ಕಂದು. ಹಣೆಯ ಮೇಲೆ ಬಿಳಿ ಚುಕ್ಕೆ. ಸುಳ್ಳಿಗೆ ಒಂದು ಚುಕ್ಕೆ ಇಟ್ಟರೆ ಅದು ನಿಜದ ಹಾಗೆ ಕಾಣುತ್ತದೆ.)

ಈ ಅಂಕಣವನ್ನು ತಪ್ಪದೆ ಓದುವವರಿಗೆ ನೆನಪಿರಬಹುದು. ಮಳೆಗಾಲ ಮುಗಿಯುವ ಹೊತ್ತಿಗೆ ಇದೇ ಜಾಗದಲ್ಲಿ ನನ್ನ ಕಾರಿನ ಬ್ರೇಕಿನ ಬಗ್ಗೆ ಉದ್ದಕ್ಕೆ ಬರೆದಿದ್ದೆ. ಮಳೆಯಲ್ಲಿ ಒಂದು ತಿರುವಿನಲ್ಲಿ ಕಾರು ಜಾರಿ, ನಿಲ್ಲಬೇಕಾದಲ್ಲಿ ನಿಲ್ಲದೆ, ಒಂದು ಮೋರಿಯ ಕಟ್ಟೆಗೆ ಮುತ್ತಿಟ್ಟಿತ್ತು. ವಯಸ್ಸು ಎಪ್ಪತ್ತು ದಾಟಿದೆ, ಕಾಲು ಮೊದಲಿನಷ್ಟು ಚುರುಕಿಲ್ಲ, ಕಾಲಿನ ಕೊರತೆಯನ್ನು ಬ್ರೇಕು ತುಂಬಿಕೊಡಲಿ ಎಂದು ಕುಶಾಲನಗರದ ವರ್ಕ್‌ಶಾಪಿಗೆ ಕೊಟ್ಟೆ. ಹಿಂದಿನ ಚಕ್ರದ ಡ್ರಮ್ ತೆಗೆಸಿ ಡಿಸ್ಕ್ ಹಾಕಿಸಿದೆ. ಮುಂದಕ್ಕೆ ಇನ್ನೂ ದೊಡ್ಡ ಡಿಸ್ಕ್, ಒಳ್ಳೆಯ ಪ್ಯಾಡ್, ಹೊಸ ಹೋಸ್ ಪೈಪು, ಹೊಸ ಬ್ರೇಕ್ ಆಯಿಲ್. ಪೇಟೆಗೆ ಹೋಗಿ ಹಾಲು, ತರಕಾರಿ, ಮಾತ್ರೆ ತರುವ ಸಾಧಾರಣ ಕಾರಿಗೆ ಇಷ್ಟೆಲ್ಲ ಯಾಕೆ ಎಂದು ಮೆಕ್ಯಾನಿಕ್ಕೇ ಕೇಳಿದ. ಜೀವ ಸಾಧಾರಣದ್ದಲ್ಲವಲ್ಲ ಎಂದೆ. ಆ ಮಾತು ನನಗೇ ಇಷ್ಟವಾಗಿ ಅದನ್ನೂ ಅಂಕಣದಲ್ಲಿ ಬರೆದೆ.

ಆ ಬರಹದ ಕೊನೆಯ ಸಾಲು ಹೀಗಿತ್ತು: ‘ಇನ್ನು ನನ್ನ ಹಿಂದೆ ಬರುವವರೇ ಹುಷಾರಾಗಿರಬೇಕು.’

ಎಷ್ಟು ಜನ ಫೋನ್ ಮಾಡಿ ನಕ್ಕರು ಗೊತ್ತೆ? ಗೋಣಿಕೊಪ್ಪಲಿನಿಂದ, ಪೊನ್ನಂಪೇಟೆಯಿಂದ ಮೆಕ್ಯಾನಿಕ್ಕಿನ ನಂಬರ್ ಕೇಳಿದರು. ನಾನು ಮನೆಗೆ ಬಂದವರನ್ನೆಲ್ಲ ಕಾರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂರಿಸಿ ಡಿಸ್ಕ್ ತೋರಿಸಿದೆ. ಹೆಂಡತಿ ಮಾತ್ರ, ‘ಕಾರಿಗೆ ಹಾಕ್ಸಿದ್ದಾಯ್ತು, ಬಾಯಿಗೆ ಯಾವಾಗ ಹಾಕ್ಸ್ತೀರಿ’ ಎಂದು ಕೇಳಿ ಒಳಗೆ ಹೋದಳು.

ಡಿಸ್ಕ್ ನೋಡಿದವರಲ್ಲಿ ನಮ್ಮ ಹಮೀದನೂ ಒಬ್ಬ. ನಮ್ಮ ತೋಟದ ಜೀಪು ಓಡಿಸುವವನು. ಅವನು ಕುಕ್ಕರಗಾಲಿನಲ್ಲಿ ಕೂರಲಿಲ್ಲ, ನೆಲದ ಮೇಲೆ ಮಲಗಿ ಚಕ್ರದ ಒಳಗೆ ನೋಡಿದ. ಎದ್ದು ಅಂಗಿ ಕೊಡವಿಕೊಂಡು, ಜೀಪಿಗೂ ಒಂದು ಸಲ ನೋಡಿಸಿದರೆ ಒಳ್ಳೆಯದಿತ್ತು ಎಂದ. ಕಾಫಿ ಕೊಯ್ಲು ಮುಗಿಯಲಿ ಎಂದೆ. ಕೊಡಗಿನಲ್ಲಿ ಎಲ್ಲ ಕೆಲಸವೂ ಕೊಯ್ಲು ಮುಗಿದ ಮೇಲೆಯೇ. ಹಲ್ಲು ಕೀಳಿಸುವುದು, ಮನೆಗೆ ಬಣ್ಣ, ಮಗಳ ಮದುವೆ, ಎಲ್ಲವೂ. ಹಮೀದನಿಗೂ ಅದು ಗೊತ್ತು. ಮತ್ತೆ ಕೇಳಲಿಲ್ಲ.

ಜೀಪಿನ ವಿಷಯ ಹೇಳಬೇಕು. ಕಾಲು ಬ್ರೇಕು ಇತ್ತು, ಆದರೆ ಒಂದೇ ಸಲಕ್ಕೆ ಹಿಡಿಯುವುದಿಲ್ಲ. ಒತ್ತಿ, ಬಿಟ್ಟು, ಮತ್ತೆ ಒತ್ತಿ, ಪಂಪ್ ಹೊಡೆದ ಹಾಗೆ ಒತ್ತಿದರೆ ಹಿಡಿಯುತ್ತದೆ. ಹ್ಯಾಂಡ್‌ಬ್ರೇಕಿನ ಕೇಬಲ್ ಯಾವ ಕಾಲದಲ್ಲೋ ತುಂಡಾಗಿತ್ತು. ತೋಟದೊಳಗೆ ಫಸ್ಟು, ಸೆಕೆಂಡ್ ಗೇರಿನಲ್ಲಿ ತೆವಳುವ ಜೀಪಿಗೆ ಎಂಥ ಬ್ರೇಕು? ಇದು ನನ್ನೊಬ್ಬನ ಮಾತಲ್ಲ, ನಮ್ಮ ಕಡೆ ಹತ್ತು ತೋಟಗಳಲ್ಲಿ ಕೇಳಿದರೆ ಎಂಟರಲ್ಲಿ ಇದನ್ನೇ ಹೇಳುತ್ತಾರೆ.

ಹ್ಯಾಂಡ್‌ಬ್ರೇಕಿನ ಬದಲು ನಮ್ಮ ಜೀಪಿಗೆ ಸೆಲ್ವಿ ಇದ್ದಳು.

ತಮಾಷೆ ಅಲ್ಲ. ಸೆಲ್ವಿ ನಮ್ಮ ಲೈನ್ ಮನೆಯಲ್ಲಿ, ಅಂದರೆ ತೋಟದ ಕೆಲಸದವರ ಸಾಲುಮನೆಯಲ್ಲಿ ಇರುವ ಹೆಂಗಸು, ಕಾಫಿ ಕೊಯ್ಯುವುದರಲ್ಲಿ ಗಟ್ಟಿಗಿತ್ತಿ, ಬಾಯಲ್ಲಿ ಇನ್ನೂ ಗಟ್ಟಿಗಿತ್ತಿ. ಮನೆಮಾತು ತಮಿಳು, ನಮ್ಮ ಹತ್ತಿರ ಕನ್ನಡ, ಹಮೀದನ ಹತ್ತಿರ ಮಲಯಾಳ, ಸಿಟ್ಟು ಬಂದರೆ ಮೂರೂ. ಜೀಪಿನಲ್ಲಿ ಹಿಂದಿನ ತುದಿಯ ಜಾಗ ಅವಳದು. ಮಡಿಲಲ್ಲಿ ಹಲಸಿನ ಮರದ ಒಂದು ತುಂಡು. ಇಳಿಜಾರಿನಲ್ಲಿ ಜೀಪು ನಿಲ್ಲಿಸಬೇಕಾದರೆ ಹಮೀದ ನಿಧಾನ ಮಾಡುತ್ತಾನೆ, ಸೆಲ್ವಿ ಜಿಗಿದು ಓಡಿಬಂದು ತುಂಡನ್ನು ಚಕ್ರಕ್ಕೆ ಅಡ್ಡ ಕೊಡುತ್ತಾಳೆ, ಜೀಪು ನಿಲ್ಲುತ್ತದೆ. ಉಳಿದ ಹೆಂಗಸರು ಆಮೇಲೆ ಇಳಿಯುತ್ತಾರೆ. ವರ್ಷಗಳಿಂದ ಹೀಗೆ. ತುಂಡು ಅವಳ ಕೈ ತಾಗಿ ತಾಗಿ ನುಣುಪಾಗಿತ್ತು. ಅವಳನ್ನು ಎಲ್ಲರೂ ‘ಬ್ರೇಕ್ ಸೆಲ್ವಿ’ ಎನ್ನುತ್ತಿದ್ದರು. ನಾನೂ ಅಂದಿದ್ದೇನೆ. ಒಂದು ದಿನ ಅವಳು ಜ್ವರದಿಂದ ಬಾರದಿದ್ದಾಗ, ‘ಇವತ್ತು ಜೀಪಿಗೆ ಬ್ರೇಕ್ ಇಲ್ಲ, ಹುಷಾರು’ ಎಂದು ಹಮೀದನಿಗೆ ಹೇಳಿ ನಕ್ಕದ್ದೂ ನಾನೇ.

ನಕ್ಕದ್ದೂ ನಾನೇ!

ಆ ಬೆಳಿಗ್ಗೆ ಪಕ್ಕದ ತೋಟದ ಬೋಪಯ್ಯನವರು ಬಂದಿದ್ದರು. ಹಳೆಯ ಸ್ನೇಹಿತರು. ನನ್ನ ಅಂಕಣ ಓದಿ ತಮಾಷೆ ಮಾಡುವುದು ಅವರಿಗೆ ವಾರದ ಕೆಲಸ. ಇಬ್ಬರೂ ಮಡಿಕೇರಿಗೆ ಹೊರಟೆವು. ನಮ್ಮ ಮನೆಯಿಂದ ಮುಖ್ಯರಸ್ತೆಗೆ ಒಂದು ಕಾಂಕ್ರೀಟ್ ಇಳಿಜಾರು. ಎಡಕ್ಕೆ ಬರೆ, ಅಂದರೆ ಗುಡ್ಡ ಕಡಿದು ಬಿಟ್ಟ ಮಣ್ಣಿನ ಗೋಡೆ, ಬಲಕ್ಕೆ ಕಾಫಿ ಗಿಡ, ಅದರ ಕೆಳಗೆ ಕೆರೆ. ನನ್ನ ಹಿಂದೆಯೇ ಜೀಪು ಬರುತ್ತಿತ್ತು, ರಸ್ತೆಯಾಚೆಯ ತೋಟಕ್ಕೆ ಕಾಫಿ ಪಿಕ್ಕಿಂಗಿಗೆ ಹೊರಟ ಹೆಂಗಸರನ್ನು ತುಂಬಿಕೊಂಡು. ಹೊರಡುವಾಗ ಅದನ್ನು ನೋಡಿದ್ದೆ. ಮರೆತೆ.

ಬೋಪಯ್ಯನವರು, ‘ಬರಿಯೋದು ಸುಲಭ ಗೌಡ್ರೇ, ನಿಲ್ಸಿ ತೋರ್ಸಿ ನೋಡುವಾ’ ಎಂದರು.

ಎಪ್ಪತ್ತು ದಾಟಿದವನಿಗೆ ಅಷ್ಟು ಸಾಕಾಯಿತು. ಗಟ್ಟಿಯಾಗಿ ಹಿಡ್ಕೊಳ್ಳಿ ಎಂದು ಹೇಳಿ, ಇಳಿಜಾರಿನ ನಟ್ಟನಡುವೆ, ಖಾಲಿ ರಸ್ತೆಯಲ್ಲಿ, ಎದುರಿಗೆ ಒಂದು ಕೋಳಿಯೂ ಇಲ್ಲದಾಗ, ಬ್ರೇಕನ್ನು ಪೂರ್ತಿ ಒತ್ತಿದೆ.

ಕಾರು ಮೊಳೆ ಹೊಡೆದ ಹಾಗೆ ನಿಂತಿತು. ಬೋಪಯ್ಯನವರ ಟೋಪಿ ಮುಂದಿನ ಗಾಜಿಗೆ ಬಡಿದು ಬಿತ್ತು. ‘ಹೇಗೆ?’ ಎಂದು ಕೇಳಲು ಅವರ ಕಡೆ ತಿರುಗಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ, ಹಿಂದಕ್ಕೆ ನೋಡುತ್ತಿದ್ದರು.

ಕನ್ನಡಿ ನೋಡಿದೆ. ಕನ್ನಡಿ ತುಂಬ ಜೀಪಿನ ಮುಖ. ಅದು ದೊಡ್ಡದಾಗುತ್ತಲೇ ಇತ್ತು. ಹಮೀದನ ಭುಜ ಮೇಲೆ ಕೆಳಗೆ ಆಡುತ್ತಿತ್ತು, ಪಂಪ್ ಹೊಡೆಯುತ್ತಿದ್ದ. ಬಲಕ್ಕೆ ಹೋದರೆ ಕೆರೆ, ನೇರ ಬಂದರೆ ನಾನು. ಅವನು ಜೀಪನ್ನು ಬರೆಗೆ ಉಜ್ಜಿದ. ಮಣ್ಣು ಉದುರಿತು, ಜೀಪು ವಾಲಿತು, ಹೆಂಗಸರ ಕೂಗು ಗಾಜು ಮುಚ್ಚಿದ ನನ್ನ ಕಾರಿನೊಳಗೂ ಕೇಳಿತು. ವೇಗ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಜಾರುತ್ತ ಬರುತ್ತಲೇ ಇತ್ತು.

ಆಗ ಹಿಂದಿನಿಂದ ಸೆಲ್ವಿ ಜಿಗಿದಳು.

ಗಂಡನ ಹಳೆಯ ನೀಲಿ ಅಂಗಿ, ತಲೆಗೆ ಕಟ್ಟಿದ ಬಟ್ಟೆ, ಸೊಂಟಕ್ಕೆ ಸುತ್ತಿದ ಚೀಲ, ಎಲ್ಲ ಬಲಗಡೆಯ ಕನ್ನಡಿಯಲ್ಲಿ ಕಂಡಿತು. ಜಾರುವ ಜೀಪಿನ ಪಕ್ಕ ಓಡಿ, ಬಗ್ಗಿ, ಹಿಂದಿನ ಚಕ್ರದ ಮುಂದಕ್ಕೆ ಎರಡು ಕೈಯಿಂದ ಆ ತುಂಡನ್ನು ತಳ್ಳಿದಳು. ಟೈರು ತುಂಡಿನ ಮೇಲೆ ಅರ್ಧ ಹತ್ತಿ, ಕೆಳಗಿಳಿದು, ನಿಂತಿತು. ನನ್ನ ಕಾರಿಗೂ ಜೀಪಿಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನಿಲ್ಲುವಷ್ಟೂ ಜಾಗವಿರಲಿಲ್ಲ.

ಈ ಕೆಲಸವನ್ನು ಅವಳು ದಿನಾ ಮಾಡುವುದನ್ನು ನಾನು ದಿನಾ ನೋಡಿದ್ದೆ. ಆದರೆ ಓದುಗರೇ, ಅವತ್ತು ಕನ್ನಡಿಯಲ್ಲಿ ಕಂಡಾಗಲೇ ನನಗೆ ಗೊತ್ತಾದದ್ದು: ಒಬ್ಬ ಹೆಂಗಸು ಓಡುವ ಗಾಡಿಯ ಚಕ್ರದ ಕೆಳಗೆ ತನ್ನ ಕೈ ಇಡುತ್ತಿದ್ದಾಳೆ. ದಿನಾ. ನನ್ನ ಜೀಪಿನ ಕೆಳಗೆ. ಇಷ್ಟು ವರ್ಷ ನನ್ನ ಕಣ್ಣಿಗೆ ಏನಾಗಿತ್ತು?

ಇಳಿದು ಓಡಿದೆ. ಸೆಲ್ವಿ ಬರೆಗೆ ಒರಗಿ ಕೂತಿದ್ದಳು. ಬಲಗೈಯ ಮಣಿಕಟ್ಟು ಇರಬಾರದ ಕಡೆಗೆ ತಿರುಗಿತ್ತು. ಎರಡು ಬೆರಳು ನೋಡುವ ಹಾಗಿರಲಿಲ್ಲ. ಹಮೀದ ಸ್ಟೇರಿಂಗ್ ಬಿಡದೆ ಹಾಗೇ ಕೂತಿದ್ದ. ಯಾರೂ ಏನೂ ಕೇಳಿರಲಿಲ್ಲ. ನಾನೇ ಬಾಯಿ ತೆರೆದು, ‘ಹಸು ಅಡ್ಡ ಬಂತು’ ಎಂದೆ.

ನೋಡಿ, ಅವಳ ಕೈಗೆ ಬಟ್ಟೆ ಕಟ್ಟುವ ಮೊದಲು ನಾನು ಮಾಡಿದ ಕೆಲಸ ಅದು.

ನನ್ನ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದಾರಿಯಲ್ಲಿ ಅವಳು ಒಂದೇ ಸಲ ಮಾತಾಡಿದ್ದು, ಮೆಲ್ಲ ಹೋಗಿ ಎಂದು. ಡಾಕ್ಟರು ಹೇಗಾಯಿತು ಎಂದರು. ಹಸುವಿನ ಕತೆ ಮತ್ತೆ ಹೇಳಿದೆ, ಚುಕ್ಕೆ ಸೇರಿಸಿದ್ದು ಅಲ್ಲೇ. ಸೆಲ್ವಿ ಹಾಸಿಗೆಯಿಂದ ನನ್ನನ್ನೇ ನೋಡುತ್ತಿದ್ದಳು. ಮಣಿಕಟ್ಟು ಕೂಡುತ್ತದೆ, ಬೆರಳು ಮೊದಲಿನ ಹಾಗೆ ಮಡಚುತ್ತದೆಯೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಡಾಕ್ಟರು. ಕಾಫಿ ಕೊಯ್ಯುವುದು ಬೆರಳಿನ ಕೆಲಸ. ಬೆರಳು ಹೋದರೆ ಅವಳಿಗೆ ಏನು ಉಳಿಯುತ್ತದೆ?

ಪ್ಲಾಸ್ಟರ್ ಒಣಗುವವರೆಗೆ ಪಕ್ಕದಲ್ಲಿ ಕೂತಿದ್ದೆ. ಬೈಯುತ್ತಾಳೆ ಎಂದು ಕಾದೆ. ಮೂರು ಭಾಷೆಯಲ್ಲೂ ಬೈಯಲಿ ಎಂದು ಆಸೆಯಾಗಿತ್ತು. ಅವಳು ಕೇಳಿದ್ದು ಇಷ್ಟೇ:

‘ನಾಳೆ ತುಂಡು ಯಾರು ಹಿಡ್ಕೊಳ್ತಾರೆ ಸಾವ್ಕಾರ್ರೇ?’

ಮಾರನೆಯ ದಿನ ಪಿಕ್ಕಿಂಗ್ ನಿಲ್ಲಿಸಿದೆ. ಕೊಯ್ಲಿನ ನಡುವೆ, ಹಣ್ಣು ಗಿಡದಲ್ಲಿ ಕಪ್ಪಾಗುತ್ತಿರುವಾಗ, ಜೀಪನ್ನು ವರ್ಕ್‌ಶಾಪಿಗೆ ಕಳಿಸಿದೆ. ಕೊಯ್ಲು ಮುಗಿಯುವ ಮೊದಲೂ ಜೀಪು ರಿಪೇರಿ ಮಾಡಿಸಬಹುದು ಎಂಬುದು ಈ ವಯಸ್ಸಿನಲ್ಲಿ ನಾನು ಕಲಿತ ಹೊಸ ವಿದ್ಯೆ. ಸೆಲ್ವಿಯ ಕೂಲಿಯನ್ನು ಅವಳ ಮನೆಗೇ ಮುಟ್ಟಿಸುತ್ತಿದ್ದೇನೆ. ಅದನ್ನು ದೊಡ್ಡ ಗುಣ ಎಂದು ಯಾರಾದರೂ ಹೊಗಳಿದರೆ ಮುಖ ಎಲ್ಲಿಡಲಿ?

ಈ ನಡುವೆ ಬೋಪಯ್ಯನವರು ಫೋನ್ ಮಾಡಿ, ಹಸುವಿನ ಬಗ್ಗೆ ಯಾರಾದರೂ ತಮ್ಮನ್ನು ಕೇಳಿದರೆ ಏನು ಹೇಳಬೇಕು ಎಂದರು. ನಾನು ಕಾಫಿ ರೇಟಿನ ಮಾತು ತೆಗೆದೆ. ‘ನಾನು ಕಣ್ಣು ಮುಚ್ಚಿದ್ದೆ ಅಂತ ಹೇಳ್ತೇನೆ ಗೌಡ್ರೇ, ಅದು ಅರ್ಧ ಸತ್ಯ’ ಎಂದು ಫೋನ್ ಇಟ್ಟರು. ಹಮೀದ ನನ್ನ ಬೆನ್ನಿಗೇ ಇದ್ದವನು, ಖಾಲಿ ರಸ್ತೆ ಅವನಿಗೂ ಕಂಡಿರಬೇಕು. ಅವನು ಏನೂ ಹೇಳಿಲ್ಲ. ನನ್ನ ಸುಳ್ಳನ್ನು ನನಗಾಗಿ ಹೊರುತ್ತಿರುವವರು ಎಷ್ಟು ಜನ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ.

ನಾವು ಬ್ರೇಕು ಹಾಕಿಸುವುದು ಯಾರಿಗಾಗಿ? ನಾನು ಮುಂದೆ ನೋಡಿಕೊಂಡು ಹಾಕಿಸಿದೆ. ಹಿಂದೆ ಬರುವವರು ಹುಷಾರಾಗಿರಲಿ ಎಂದು ಬರೆದೆ. ಹಿಂದೆ ಬರುತ್ತಿದ್ದದ್ದು ನನ್ನದೇ ಜೀಪು, ಅದರಲ್ಲಿದ್ದವರು ನನ್ನ ತೋಟದ ಕೆಲಸಕ್ಕೇ ಹೊರಟವರು. ನಮ್ಮ ಎಷ್ಟು ತೋಟಗಳಲ್ಲಿ ಹ್ಯಾಂಡ್‌ಬ್ರೇಕಿಗೆ ಹೆಸರಿದೆ, ಮನೆಯಿದೆ, ಮಕ್ಕಳಿದ್ದಾರೆ? ಇದನ್ನು ಓದುತ್ತಿರುವ ತೋಟದವರೇ, ನಾಳೆ ಬೆಳಿಗ್ಗೆ ನಿಮ್ಮ ಜೀಪಿನ ಹಿಂದಿನ ತುದಿಯಲ್ಲಿ ಯಾರು ಕೂತಿದ್ದಾರೆ, ಅವರ ಮಡಿಲಲ್ಲಿ ಏನಿದೆ, ಒಮ್ಮೆ ನೋಡಿ. ನನ್ನ ಹಳೆಯ ಅಂಕಣದ ಆ ಕೊನೆಯ ಸಾಲನ್ನು ಇವತ್ತು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ನಕ್ಕವರು ಆ ನಗುವನ್ನೂ ವಾಪಸ್ ತೆಗೆದುಕೊಳ್ಳಿ.

ಮೊನ್ನೆ ಜೀಪು ಬಂತು. ಅದೇ ಇಳಿಜಾರಿನಲ್ಲಿ ಹಮೀದ ನಿಲ್ಲಿಸಿ ತೋರಿಸಿದ. ಕಾಲು ಒಮ್ಮೆ ಇಟ್ಟರೆ ಸಾಕು, ಹಿಡಿಯುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು ಕೆಳಗಿಳಿದು ನಿಂತ, ಜೀಪು ಅಲ್ಲಾಡಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಹತ್ತಿದರು. ಆಸ್ಪತ್ರೆಗೆ ತೋರಿಸಲು ಹೊರಟ ಸೆಲ್ವಿಯೂ ಬಂದಳು. ಪ್ಲಾಸ್ಟರ್ ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು, ಹಿಂದಿನ ತುದಿಯಲ್ಲಿ ತನ್ನ ಜಾಗದಲ್ಲಿ ಕೂತಳು. ಎಡಗೈಯಲ್ಲಿ ಅದೇ ಹಲಸಿನ ತುಂಡು. ಮಡಿಲಲ್ಲಿಟ್ಟುಕೊಂಡಳು.

‘ಇನ್ನು ಅದು ಬೇಡ ಸೆಲ್ವಿ, ಬಿಸಾಡು. ಬ್ರೇಕ್ ಹೊಸದು’ ಎಂದೆ.

ಅವಳು ತುಂಡಿನ ಮೇಲಿನ ಮಣ್ಣು ಒರೆಸಿದಳು.

‘ಇರ್ಲಿ ಸಾವ್ಕಾರ್ರೇ. ಹಸು ಮತ್ತೆ ಬಂದ್ರೆ?’

ಒಬ್ಬ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಉಳಿದವರು ಬರೆಯ ಕಡೆ ನೋಡಿದರು. ಹಮೀದ ಜೀಪು ಸ್ಟಾರ್ಟ್ ಮಾಡಿದ, ನಾನು ದಾರಿ ಬಿಟ್ಟು ನಿಂತೆ.

ಮನೆಗೆ ಬಂದು, ಕೂತು, ಇದನ್ನು ಬರೆದೆ. ಹೆಂಡತಿ ಓದಿ ವಾಪಸ್ ಕೊಟ್ಟಳು. ಇನ್ನು ನೀವು ಓದುತ್ತೀರಿ, ಬೋಪಯ್ಯನವರು ಓದುತ್ತಾರೆ, ಆ ಡಾಕ್ಟರೂ ಓದಬಹುದು. ಸೆಲ್ವಿಗೆ ಕನ್ನಡ ಓದಲು ಬರುವುದಿಲ್ಲ.

ಇಷ್ಟು ಬರೆದೂ, ಹೇಳಬೇಕಾದವಳಿಗೆ ನಾನಿನ್ನೂ ಹೇಳಿಲ್ಲ.